ಅಲ್ಲಾಡದೆ ಕೂರುವ ಪಾಠ

ಬುಧವಾರ, ಅಂಗಡಿ ತೆರೆಯುವ ಮುಂಚೆ

ನನ್ನ ಮಗಳ ತಾಯಿಗೆ,

ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಬರೆದೆ, ಕೋಪ ಮಾಡಿಕೊಳ್ಳಬೇಡ. ಶನಿವಾರದ ಆಟಕ್ಕೆ ಮಗುವನ್ನು ಕರೆದುಕೊಂಡು ಬಾ, ಆದರೆ ಸುಮ್ಮನೆ ಕೂರುವುದಾದರೆ ಮಾತ್ರ ಎಂದು ನೀನು ಬರೆದ ಎರಡು ಸಾಲು ತಲುಪಿದವು. ಎರಡು ವರ್ಷದ ಮೇಲೆ ನಿಮ್ಮ ತಂಡ ಈ ಊರಿಗೆ ಬರುತ್ತಿದೆ. ಅದೇ ನಾಟಕ, ಅದೇ ರಂಗಮಂದಿರ.

ನಿನ್ನ ಸಾಲು ತಲುಪಿದ ದಿನದಿಂದ ನಮ್ಮ ಹೊಲಿಗೆ ಅಂಗಡಿಯೇ ನಾಟಕಶಾಲೆ. ಸಂಜೆ ಗಿರಾಕಿಗಳು ಹೋದ ಮೇಲೆ ಟ್ಯೂಬ್‌ಲೈಟ್ ಆರಿಸಿ, ಹೊಲಿಗೆ ಯಂತ್ರದ ಪುಟ್ಟ ದೀಪ ಮಾತ್ರ ಉಳಿಸುತ್ತೇನೆ. ಕತ್ತಲಾದ ಕೂಡಲೇ ಬಾಯಿ ಮುಚ್ಚಬೇಕು, ಮುಂದಿನ ಕುರ್ಚಿಗೆ ಕಾಲು ತಾಗಿಸಬಾರದು, ಒಂದಕ್ಕೆ ಮೊದಲೇ ಹೋಗಿ ಬಂದಿರಬೇಕು, ಎಲ್ಲರೂ ತಟ್ಟಿದಾಗ ಚಪ್ಪಾಳೆ ತಟ್ಟಬೇಕು ಎಂದೆಲ್ಲ ಹೇಳಿಕೊಟ್ಟಿದ್ದೇನೆ. ಆಮೇಲೆ ನಾನು ಶಾಲು ಹೊದ್ದು ನೀನಾಗುತ್ತೇನೆ. ಕೋಟು ತೊಡಿಸಿ ನಿಲ್ಲಿಸಿದ ಅಂಗಡಿಯ ಬೊಂಬೆಯೇ ನಾಟಕದ ಗಂಡ. ಅದು ನೂಕಿದ ಹಾಗೆ ನಟಿಸಿ ದೊಪ್ಪನೆ ಬೀಳುತ್ತೇನೆ. ಒಂದು ದಿನ ಆ ಕೋಟು ಹೊಲಿಯಲು ಕೊಟ್ಟಿದ್ದ ಮೇಷ್ಟ್ರು ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿ, ‘ಹುಷಾರಾಗಿದೀರಾ ತಾನೆ?’ ಅಂದರು. ನನಗೆ ನಗು ತಡೆಯಲಾಗಲಿಲ್ಲ. ಮಗಳು ಮಾತ್ರ ತುಟಿ ಬಿಚ್ಚಲಿಲ್ಲ.

ನನಗೆ ಹೆದರಿಕೆ ಇರುವುದು ಅಲ್ಲೇ. ಅವಳು ಪಾಠವನ್ನು ಚೆನ್ನಾಗಿಯೇ ಕಲಿತುಬಿಟ್ಟಿದ್ದಾಳೆ. ನಿನ್ನೆ ನಾನು ಬೀಳುವಾಗ ಮೇಜಿನ ಅಂಚಿಗೆ ನನ್ನ ಹಣೆ ಬಡಿದು ನಿಜವಾಗಿಯೂ ರಕ್ತ ಬಂತು. ‘ಅಯ್ಯಪ್ಪಾ’ ಎಂದು ಕೂಗಿದೆ. ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೇ ಇದ್ದಳು. ನಾನೇ ಎದ್ದು ದೀಪ ಹಾಕಿದ ಮೇಲೆ, ‘ಅಪ್ಪಾ, ಈಗ ಏಳ್ಬಹುದಾ?’ ಎಂದು ಕೇಳಿ, ಹೂಂ ಅಂದ ಕೂಡಲೇ ಓಡಿ ಬಂದು ನನ್ನ ಹೊಟ್ಟೆಗೆ ಮುಖವಿಟ್ಟು ಅತ್ತಳು. ಕಳೆದ ವಾರ ಶಾಲೆಯಲ್ಲಿ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಳಂತೆ. ಹೊರಗೆ ಹೋಗಬೇಕೆಂದು ಯಾಕೆ ಕೇಳಲಿಲ್ಲ ಎಂದು ಟೀಚರ್ ವಿಚಾರಿಸಿದರೆ, ಏಳಬಾರದಲ್ಲ ಅಂದಳಂತೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: ‘ಶನಿವಾರ ನಾನು ಅಲ್ಲಾಡ್ದೆ ಕೂತ್ರೆ ಅಮ್ಮ ಮನೆಗೆ ಬರ್ತಾಳಾ?’

ಎರಡು ವರ್ಷದ ಹಿಂದೆ ಇದೇ ನಾಟಕ ನೋಡಲು ಬಂದಾಗ ಅವಳಿಗೆ ಐದು ವರ್ಷ. ನಾಟಕದ ಗಂಡ ನಿನ್ನ ಜುಟ್ಟು ಹಿಡಿದು ಎಳೆದಾಗ, ನನ್ನ ಕೈ ಬಿಡಿಸಿಕೊಂಡು ಓಡಿ ರಂಗ ಹತ್ತಿದಳು. ‘ನಮ್ಮಮ್ಮನ್ನ ಬಿಡು’ ಎಂದು ಅವನ ಮೊಣಕಾಲಿಗೆ ಗುದ್ದಿದಳು. ಜನ ಬಿದ್ದು ಬಿದ್ದು ನಕ್ಕರು, ಪರದೆ ಎಳೆದರು. ಬಣ್ಣದ ಕೋಣೆಯಲ್ಲಿ ನೀನು ಅರ್ಧ ಒರೆಸಿದ ಮುಖದಲ್ಲೇ, ‘ಇವಳು ಜೊತೆಗಿದ್ರೆ ನಾನು ರಂಗದ ಮೇಲೆ ನಿಲ್ಲಕ್ಕಾಗಲ್ಲ’ ಅಂದೆ. ಸಿಟ್ಟಿನ ಮಾತು, ನನಗೆ ಗೊತ್ತು. ಮಗುವಿಗೆ ಹೇಗೆ ಗೊತ್ತಾಗಬೇಕು? ಮರುದಿನ ನೀನು ತಂಡದ ಜೊತೆ ಹೊರಟೆ, ಮತ್ತೆ ಬರಲಿಲ್ಲ. ತಾನು ಎದ್ದು ಓಡಿದ್ದಕ್ಕೇ ಅಮ್ಮ ಹೋದಳು ಎಂದು ಅವಳು ಲೆಕ್ಕ ಹಾಕಿದ್ದಾಳೆ.

ನನಗೆ ನೀನು ಏನೂ ಮಾಡಬೇಡ. ಆಟ ಶುರುವಾಗುವ ಮೊದಲು ಅವಳನ್ನು ಒಳಗೆ ಕರೆಸಿಕೊಂಡು, ನಿನ್ನಿಂದಲ್ಲ ಮಗಳೇ ಎಂದು ಹೇಳು. ಆಗುವುದಿಲ್ಲ ಎಂದಾದರೆ ಈಗಲೇ ತಿಳಿಸು, ನಾವು ಬರುವುದಿಲ್ಲ. ಅವಳನ್ನು ಇನ್ನೊಮ್ಮೆ ಉಸಿರು ಕಟ್ಟಿಸಿ ಕೂರಿಸುವ ಧೈರ್ಯ ನನಗಿಲ್ಲ.

ಇಂತು,
ನೀನು ‘ಕತ್ತರಿ’ ಎಂದು ಕರೆಯುತ್ತಿದ್ದವನು

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆಗೆ ಹಾಕಿದ ಪತ್ರವನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ನಾನೇ ಬಿಟ್ಟೆ. ‘ಹೋಗು, ಅಮ್ಮನ್ನ ಬಿಡಿಸ್ಕೊಂಡು ಬಾ’ ಎಂದು ಅವಳ ಕಿವಿಯಲ್ಲಿ ಹೇಳಿದವನೂ ನಾನೇ. ಆಟ ಕೆಟ್ಟರೆ ತಂಡದವರು ನಿನ್ನನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಲಾರರು ಎಂದುಕೊಂಡಿದ್ದೆ. ಅಪ್ಪ ಕಳಿಸಿದ್ದು ಎಂದು ಅವಳು ಇವತ್ತಿನವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಅವತ್ತು ನೀನು ಬೈಯುವಾಗ ಒಂದು ಸಲ ನನ್ನ ಮುಖ ನೋಡಿದಳು, ಅಷ್ಟೇ.