ಗೂಡು ಬಿಡಿಸುವ ದಿನದ ಕಾದಂಬರಿ

ಜನವರಿ 12, ಸೋಮವಾರ
ಮತ್ತೆ ಲ್ಯಾಬ್, ಮತ್ತೆ ಕ್ಯಾಂಟೀನ್. ನಾನು ಕೊಟ್ಟಿದ್ದ ಇಂಗ್ಲಿಷ್ ಕಾದಂಬರಿಯನ್ನು ಭಾನುಪ್ರಿಯ ಅರ್ಧಕ್ಕೇ ವಾಪಸ್ ಕೊಟ್ಟಳು. "ಇದ್ರಲ್ಲಿ ಏನೂ ಆಗೋದೇ ಇಲ್ವಲ್ಲೋ ಸಿದ್ದು. ಎಲ್ರೂ ಕಿಟಕಿ ಹತ್ರ ನಿಂತ್ಕೊಂಡು ಫೀಲ್ ಮಾಡ್ತಾವ್ರೆ." ಬದಲಿಗೆ ತನ್ನ ಕೊಲೆ ಕಾದಂಬರಿ. ಕನ್ನಡದ್ದು, ರಟ್ಟು ಕಿತ್ತಿದೆ. ಓದಿ ಭಾನುವಾರ ಅವಳ ಮನೆಗೇ ತರಬೇಕಂತೆ. ಅವತ್ತು ರೇಷ್ಮೆ ಗೂಡು ಬಿಡಿಸುತ್ತಾರೆ, ಕ್ಲಾಸಿನವರು ಬಂದರೆ ಯಾರೂ ಏನೂ ಅನ್ನುವುದಿಲ್ಲ.
ಹೊರಡುವಾಗ — "ಒಂದು ಪುಸ್ತಕದ್ ಬಗ್ಗೆ ಮಾತಾಡಕ್ಕಾಗ್ದೆ ಇದ್ರೆ ನಾವಿಬ್ರು ಇನ್ನೇನೋ ಮಾತಾಡೋದು?" ನಗುತ್ತಲೇ ಅಂದಳು. ಆದರೂ... ಬಿಟ್ಟು ಹೋಗುತ್ತಾಳೆ ಅನ್ನಿಸಿತು.

ಜನವರಿ 15, ಗುರುವಾರ, ಹಾಸ್ಟೆಲ್
ಓದು ಸಾಗುತ್ತಿಲ್ಲ. ಚಿಕ್ಕಂದಿನಿಂದ ಹಾಸ್ಟೆಲ್ ಸ್ಕೂಲು, ಎಲ್ಲ ಇಂಗ್ಲಿಷ್. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತೇನೆ. ಬೋರ್ ಕೂಡ. ಸಾಹುಕಾರ ಸತ್ತ, ಎಲ್ಲರೂ ಓಡಾಡುತ್ತಿದ್ದಾರೆ. ಕೊನೆಯ ಪುಟ ನೋಡಿದೆ. ಡ್ರೈವರ್ ಕೊಲೆಗಾರ. ಸಾಕು. "ಮುಗೀತು, ಸೂಪರ್" ಅಂತ ಮೆಸೇಜ್ ಹಾಕಿದೆ. ಹಾರ್ಟ್ ಬಂತು. ಒಂದಲ್ಲ, ಸಾಲು.

ಜನವರಿ 18, ಭಾನುವಾರ
ಕಬ್ಬಾಳಿನ ಹತ್ತಿರ ಅವಳ ಊರು. ಜಗಲಿಯಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳು, ಚಂದ್ರಿಕೆ ಅಂತಾರೆ, ಸುತ್ತ ಅಕ್ಕಪಕ್ಕದವರು ಕೂತು ಗೂಡು ಬಿಡಿಸುತ್ತಿದ್ದರು. ಪುಸ್ತಕ ಕೊಟ್ಟ ಕೂಡಲೇ ಭಾನು ಗಟ್ಟಿಯಾಗಿ ಓದತೊಡಗಿದಳು. ಪ್ರತಿ ಬೆಳೆಗೂ ಹೀಗೇ ಅಂತೆ, ಬಿಟ್ಟಲ್ಲಿಂದ ಮುಂದಕ್ಕೆ. ನನಗೆ ಗೊತ್ತಿರಲಿಲ್ಲ.
ಅವಳ ಅಜ್ಜಿ ಶಿವಲಿಂಗಮ್ಮ ಕೇಳಿದರು: "ನೀನು ಪೂರ್ತಿ ಓದ್ಬುಟ್ಟಿದ್ದೀಯಂತಲ್ಲ ಮಗ. ಆ ಡ್ರೈವರು ಪಾಪ ಒಳ್ಳೇವ್ನು, ಅಲ್ವಾ?"
ಓದಿದ್ದೇನೆ ಅಂತ ತೋರಿಸಬೇಕಿತ್ತು. "ಅವ್ನೇ ಅಜ್ಜಿ ಕೊಂದಿರೋದು."
ಎಲ್ಲರ ಕೈ ನಿಂತಿತು.
"ಕೊಂದೋರ್ ಯಾರು ಅಂತ ಮೂರು ಬೆಳೆಯಿಂದ ಕಾಯ್ತಿದ್ವಲ್ಲಪ್ಪ," ಅಂದರು ಅಜ್ಜಿ.
ಯಾಕೆ ಕೊಂದ, ಹೇಳು ಅಂದಳು ಭಾನು. ಕೊನೆಯ ಪುಟದಲ್ಲಿ ಅದಿರಲಿಲ್ಲ, ತಲೆ ತಗ್ಗಿಸಿ ಗೂಡು ಬಿಡಿಸತೊಡಗಿದೆ. ನಾನು ಓದಿಲ್ಲ ಅಂತ ಅವಳಿಗೆ ಅರ್ಥವಾಯಿತು. ಬಸ್ ಸ್ಟಾಪಿಗೆ ಬರಲಿಲ್ಲ. ಅಜ್ಜಿ ಪುಸ್ತಕವನ್ನು ನನ್ನ ಕೈಗೇ ತುರುಕಿದರು — "ತಗೊಂಡೋಗು. ನಮ್ಗಿನ್ಯಾಕೆ ಇದು."

ಜನವರಿ 27, ಮಂಗಳವಾರ
ಅವಳು ಬೇರೆ ಬೆಂಚು. ಮೆಸೇಜಿಗೆ ನೀಲಿ ಟಿಕ್ ಮಾತ್ರ. ಓದುತ್ತಿದ್ದೇನೆ, ಮೊದಲಿನಿಂದ. ಬಾಯಿಬಿಟ್ಟು ಓದಿದರೆ ಸಾಗುತ್ತದೆ. ರೂಮ್‌ಮೇಟ್ ಮುಜಾಮಿಲ್ ಬೈಯುತ್ತಾನೆ. ನಿಲ್ಲಿಸಿದರೆ, ಯಾಕ್ಲಾ ನಿಲ್ಲಿಸ್ಬುಟ್ಟೆ ಅನ್ನುತ್ತಾನೆ.

ಫೆಬ್ರವರಿ 4, ಬುಧವಾರ
ಓದಿ ಮುಗಿಸಿದೆ. ಕನಕಪುರ ಬಸ್ ಸ್ಟ್ಯಾಂಡಿನಲ್ಲಿ ಅವಳ ಪಕ್ಕ ಹೋಗಿ ಕೂತೆ. ಚೆನ್ನಾಗಿದೆ ಅನ್ನಬೇಕು ಅಂತಲೇ ಹೋಗಿದ್ದೆ, ನಿಜ ಹೇಳಿಬಿಟ್ಟೆ.
"ಪೂರ್ತಿ ಓದ್ದೆ. ಇಷ್ಟ ಆಗ್ಲಿಲ್ಲ. ತಂಗಿ ಸತ್ತಿದ್ದಕ್ಕೆ ಆ ಡ್ರೈವರ್ ಕೊಂದ ಅಂತಾರೆ. ಆದ್ರೆ ಅವ್ನು ಒಂದ್ಸಲಾನೂ ಅಳಲ್ಲ."
ಆಯಿತು ನಮ್ಮದು, ಅಂದುಕೊಂಡೆ. ಅವಳ ಬಸ್ ಬಂತು. ಅವಳು ಏಳಲಿಲ್ಲ.
"ಅಳ್ತಾನೆ ಕಣೋ. ಕಾರ್ ತೊಳೆಯೋವಾಗ. ನೀನು ಸರ್ಯಾಗಿ ಓದಿಲ್ಲ."
"ಅದು ನೀರು."
"ನೀರಂತೆ. ತೆಗಿ ಆ ಪುಟ."
ತೆಗೆದೆ. ಓದಿದೆವು. ಇಬ್ಬರೂ ಒಪ್ಪಲಿಲ್ಲ. ಬಸ್ ಹೋಯಿತು. ಅದರ ನಂತರದ್ದೂ ಹೋಯಿತು. ರೂಮಿಗೆ ಬಂದ ಮೇಲೆ ಇನ್ನೊಂದು ಪಾಯಿಂಟ್ ಹೊಳೆಯಿತು. ತಂಗಿಯ ಫೋಟೋ ವಿಷಯ. ಅವಳು ಅದಕ್ಕೆ ಏನನ್ನುತ್ತಾಳೆ ಅಂದರೆ — ಇರು, ಅವಳದೇ ಕಾಲ್ ಬಂತು.