ಶ್ರೀಯಾ ದೋಣಿ

ಮೆಲಾಕಾ, ಮಲೇಷ್ಯಾ
9 ಫೆಬ್ರವರಿ 2025

ಪ್ರೀತಿಯ ಶ್ರೀಯಕ್ಕಾ,

ಹೇಗಿದ್ದೀ? ಚಳಿಗೆ, ಉಪ್ಪುನೀರಿಗೆ ಒಡೆದ ಅಂಗೈ ಮಾಗಿತಾ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ತುಂಬಾ ಚೆನ್ನಾಗಿದ್ದಾಳೆ. ಎರಡು ಸಲ ಯಾಕೆ ಬರೆದೆ ಎಂದು ಕೊನೆಯಲ್ಲಿ ಗೊತ್ತಾಗುತ್ತದೆ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ವೇಲ್ಸ್‌ನ ಆ ಮುನ್ನೂರು ಜನರ ಕಡಲೂರಲ್ಲಿ ಅರ್ಧ ಮನೆಗಳು ಬೇಸಿಗೆಗೆ ಬರುವ ಶ್ರೀಮಂತರವು, ಚಳಿಗಾಲವಿಡೀ ಬೀಗ. ಉಳಿದವರು ಮಾತ್ರ, ಕಡಲಲ್ಲಿ ಯಾರೋ ಸಿಕ್ಕಿಬಿದ್ದರೆಂದು ಪೇಜರ್ ಕೂಗಿದ ಕೂಡಲೇ ಕೈಯಲ್ಲಿದ್ದದ್ದು ಬಿಟ್ಟು ರಕ್ಷಣಾ ದೋಣಿಗೆ ಓಡುತ್ತಾರೆ. ಬ್ರೆಡ್ ಅಂಗಡಿಯ ಡೇವಿಸ್ ಓಡಿದರೆ ಸಾಲಿನಲ್ಲಿ ನಿಂತ ಗಿರಾಕಿಯೇ ಒಲೆ ನೋಡಿಕೊಳ್ಳುತ್ತಾನಂತೆ! ನಾನು ಓದುವ ಚಳವಳಿಯ ಕರಪತ್ರಗಳಲ್ಲಿ ‘ಜನಶಕ್ತಿ’ ಎಂಬ ಪದ ಪುಟಕ್ಕೆ ಹತ್ತು ಸಲ ಬರುತ್ತದೆ. ನಿನ್ನ ಕಾಗದದಲ್ಲಿ ಒಮ್ಮೆಯೂ ಇಲ್ಲ. ಆದರೆ ಅದನ್ನು ಕಣ್ಣಾರೆ ಕಂಡಂತಾದದ್ದು ನಿನ್ನ ಕಾಗದದಲ್ಲೇ.

ಹೆಸರಿಗೆ ಕೆಲಸ ಸೇರಿಸಿ ಕರೆಯುವ ಆ ಊರು, ನೀನೂ ರಕ್ಷಣಾ ದೋಣಿ ಹತ್ತತೊಡಗಿದ ಮೇಲೆ, ನಿನ್ನನ್ನು ‘ಶ್ರೀಯಾ ಡಾಕ್ಟರ್’ ಬಿಟ್ಟು ‘ಶ್ರೀಯಾ ದೋಣಿ’ ಎನ್ನುತ್ತದೆಂದು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿಬಿಟ್ಟೆ. ಅಪ್ಪ ಅನ್ನ ಬಿಟ್ಟೆದ್ದರು. “ಅವಳು ಎಂಬಿಬಿಎಸ್ ಓದಿದ್ದು ದೋಣಿ ತಳ್ಳೋಕಾ?” ಅಮ್ಮ ಮೀನುಸಾರು ಬಡಿಸುತ್ತಲೇ, “ಮಾವ ಹೋಗ್ತಿರ್ಲಿಲ್ವಾ? ನಿಮ್ಮತ್ರ ಕೇಳಿ ಹೋಗ್ತಿದ್ರಾ?” ಎಂದಳು. ನಮ್ಮೂರು ಮಲ್ಪೆಯಲ್ಲಿ ಯಾರದೇ ದೋಣಿ ಬಾರದಿದ್ದರೂ ಅಪ್ಪನ ಅಪ್ಪ ಐತಪ್ಪಜ್ಜ ಬಲೆಯನ್ನು ಮರಳಲ್ಲೇ ಬಿಟ್ಟು ಹುಡುಕಲು ಹೋಗುತ್ತಿದ್ದರು. ಹಾಗೆ ಹೋದವರೇ ಒಂದು ದಿನ ಬರಲಿಲ್ಲ. ಆಗ ಅಪ್ಪನಿಗೆ ಹನ್ನೊಂದು ವರ್ಷ. ಮೆಡಿಕಲ್ ಕಾಲೇಜಿನಲ್ಲಿ ಎಲುಬಿನ ಪಾಠ ಹೇಳುವ ಅಪ್ಪ ಇಂದಿಗೂ ಇಲ್ಲಿಯ ಕಡಲತೀರಕ್ಕೆ ಕಾಲಿಡುವುದಿಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಹೆದರುವ ಹಕ್ಕು ಅವರದ್ದು, ನಿನ್ನನ್ನು ದಡಕ್ಕೆ ಕಟ್ಟಿಹಾಕುವ ಹಕ್ಕು ಯಾರದ್ದೂ ಅಲ್ಲ. ಇದನ್ನು ಅವರ ಮುಖಕ್ಕೇ ಹೇಳಿದೆ. ಮೂರು ದಿನದಿಂದ ನನ್ನೊಂದಿಗೆ ಮಾತಿಲ್ಲ. ಇರಲಿ.

ಡೇವಿಸ್‌ಗೆ ನನ್ನ ನಮಸ್ಕಾರ ಹೇಳು. ಲೈಫ್ ಜಾಕೆಟಿನ ಪಟ್ಟಿ ಎರಡೆರಡು ಸಲ ನೋಡಿ ಬಿಗಿ. ಅಮ್ಮನ ಆಶೀರ್ವಾದ ನಿನ್ನ ಮೇಲೂ ಆ ದೋಣಿಯ ಮೇಲೂ ಇದೆ.

ನಿನ್ನ ತಮ್ಮ,
ಕೀರ್ತಿರಾಜ್

ವಿ.ಸೂ.: ‘ಅಮ್ಮನಿಗೆ ಹಾರ್ಟಿನ ತೊಂದರೆ, ಕೆಲಸ ಬಿಟ್ಟು ಹೊರಟು ಬಾ’ ಎಂದು ಬರೆಯಲು, ಮಾತು ಬಿಡುವ ಮೊದಲು, ಅಪ್ಪ ಹೇಳಿದ್ದರು. ನಾನು ಬರೆಯಲಿಲ್ಲ. ನಿನ್ನ ರಜೆಯ ಹೊತ್ತಿಗೆ ಅವರೇ ಫೋನ್ ಮಾಡಿ ಇದನ್ನೇ ಹೇಳಿಯಾರು. ನಂಬಬೇಡ, ಬರಬೇಡ. ಹಾರ್ಟಿನ ತೊಂದರೆಯ ಅಮ್ಮ ಈ ಬಿಸಿಲಲ್ಲಿ ಎರಡು ಮೈಲಿ ನಡೆದು ಇದನ್ನು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. “ಬೇಗ ಮುಗ್ಸು ಮಾರಾಯಾ, ಅಪ್ಪ ಬರೋ ಹೊತ್ತಾಯ್ತು” ಅಂತಿದ್ದಾಳೆ.