ಗಂಗಕ್ಕನ ಮುಂದೆ ನಿನ್ನ ಕೊಲೆಗಾರರು

ಊರಿನಲ್ಲಿ ಒಬ್ಬರನ್ನೂ ಬಿಡದೆ ಕಾಗದದ ಮೇಲೆ ಕೊಂದು ಹಾಕಿದ ನನ್ನ ಸುಶೀಲತ್ತೆಗೆ, ನಿನ್ನ ಅಣ್ಣನ ಮಗಳು ಸವಿತಾ ಮಾಡುವ ಸಾಷ್ಟಾಂಗ.

ಮೊನ್ನೆ ಭಾನುವಾರ ನಿನ್ನ ಕೊನೆಯ ನಾಟಕ ಆಯಿತು. ಇಲ್ಲೇ ಹೊಳಲ್ಕೆರೆಯಲ್ಲಿ, ಕಲ್ಯಾಣ ಮಂಟಪದಲ್ಲಿ. ನೋಡಲು ಬಂದ ನಿನ್ನ ಗೆಳತಿ ಗಂಗಕ್ಕ ಕೊಲೆಗಾರನನ್ನು ಹಿಡಿದಳೋ ಇಲ್ಲವೋ ಅನ್ನುವುದೊಂದೇ ತಾನೇ ನಿನಗೆ ಬೇಕಾಗಿರುವುದು? ಗೊತ್ತು. ಆದರೆ ಈಗಲೇ ಹೇಳುವುದಿಲ್ಲ. ಕೊನೆಯ ಪುಟ ಮೊದಲು ತಿರುವಿ ನೋಡುವವರನ್ನು ನೀನು ಎಷ್ಟು ಬೈಯುತ್ತಿದ್ದೆ! "ಮದ್ವೆಗೆ ಮುಂಚೆ ನಾಮಕರಣ ಮಾಡೋ ಜನ" ಅನ್ನುತ್ತಿದ್ದೆ. ಈಗ ನೀನೂ ಸ್ವಲ್ಪ ಕಾಯಿ. ಅಲ್ಲಿ ನಿನಗೇನು ಬಸ್ಸು ತಪ್ಪಿಹೋಗುತ್ತದೆಯೇ?

ಹಿರಿಯೂರಿನ ಆ ಔಷಧಿ ಅಂಗಡಿ ನೆನಪಿದೆಯಾ? ನಾನಾಗ ಏಳನೇ ಕ್ಲಾಸು, ನಿನ್ನ ಸೆರಗು ಹಿಡಿದು ನಿಂತಿದ್ದೆ. ನೀನು ಒಂದು ಚೂರೂ ಅಳುಕದೆ, "ಬಾಯಿ ಕಹಿ ಆಗಬಾರ್ದು, ಯಾರಿಗೂ ಅನುಮಾನ ಬರಬಾರ್ದು, ಎರಡು ದಿನ ಬಿಟ್ಟು ಸಾಯ್ಬೇಕು. ಅಂಥದ್ದು ಏನೈತ್ರಿ ನಿಮ್ಮತ್ರ?" ಅಂತ ಕೇಳಿದೆ. ಅಂಗಡಿಯವರು ನನ್ನ ಮುಖ ನೋಡಿದರು, ನಿನ್ನ ತಾಳಿ ನೋಡಿದರು. "ತಾಯಿ, ಮನೇಲಿ ಏನಾದ್ರೂ ತೊಂದ್ರೆ ಐತಾ? ಕುಂತ್ಕಳ್ರಿ, ಮೊದ್ಲು ನೀರು ಕುಡೀರಿ" ಅಂದರು. ಅಷ್ಟರಲ್ಲಿ ಮಾವ ಓಡಿ ಬಂದು, "ಹೆದರ್ಬೇಡ್ರಿ ಸ್ವಾಮಿ, ಇವ್ಳು ಸಾಯ್ಸೋದು ವಾರಪತ್ರಿಕೇಲಿ ಮಾತ್ರ" ಅಂದಾಗ ಅವರ ಮುಖ ನೋಡಬೇಕಿತ್ತು! "ಅಯ್ಯೋ ನೀವೇನಾ ಅವ್ರು? ಹೋದ ವಾರ ಆ ಮೇಷ್ಟ್ರನ್ನ ಬಾವಿಗೆ ತಳ್ಳಿದ್ದು ಯಾರು? ಹೇಳಿ ಹೋಗ್ರಿ, ನಿದ್ದೆ ಬರ್ತಿಲ್ಲ." ನೀನು ಹೇಳಲಿಲ್ಲ ಬಿಡು. ಮುಂದಿನ ವಾರ ಓದ್ರಿ ಅಂದು ಕೆಮ್ಮಿನ ಮಾತ್ರೆ ತಗೊಂಡು ಬಂದೆ.

ಚಂದ್ರವಳ್ಳಿಯ ಗುಹೆಯಲ್ಲಿ ನನ್ನನ್ನು ಹೆಣ ಮಾಡಿ ಮಲಗಿಸಿದ್ದು ಮಾತ್ರ ನಾನು ಮರೆಯುವುದಿಲ್ಲ. ಹೊರಗಿನಿಂದ ಕಾಲು ಕಾಣುತ್ತದೋ ಇಲ್ಲವೋ ನೋಡಬೇಕಿತ್ತಂತೆ ನಿನಗೆ. ನನಗೆ ಸೀನು ಬಂತು. ಗುಹೆ ನೋಡಲು ಬಂದಿದ್ದ ದಂಪತಿ ಕಿಟಾರನೆ ಕಿರುಚಿ ದುರ್ಗದ ಕಡೆ ಓಡಿದರು. ಅವರಿಗಿಂತ ಜೋರಾಗಿ ನೀನು ನನ್ನನ್ನು ಬೈದೆ, "ಹೆಣ ಎಲ್ಲಾದ್ರೂ ಸೀನುತ್ತೇನೇ?" ಅಂತ. ತಾಳ್ಯದ ರೈತನ ಮಗಳು, ಎಸ್ಸೆಸ್ಸೆಲ್ಸಿ ಮುಗಿಸಿ ಹೊಳಲ್ಕೆರೆಗೆ ಸೊಸೆಯಾಗಿ ಬಂದವಳು, ಒಲೆ ಮುಂದೆ ಕೂತು ಕೊಲೆ ಬರೆಯುತ್ತಾಳೆ ಅಂದರೆ ಮೊದಮೊದಲು ಜನ ನಿನ್ನ ಮನೆಯ ಕಾಫಿ ಕುಡಿಯಲೂ ಹೆದರಿದರಂತೆ. ಆಮೇಲೆ ಏನಾಯಿತು? ಸಂತೆಯಲ್ಲಿ ಅಡ್ಡ ಹಾಕಿ, "ಅಕ್ಕಾ, ನಮ್ಮ ಓಣಿ ಅರ್ಧ ಜನ ಸತ್ರು, ನನ್ನ ಯಾವಾಗ ಸಾಯಿಸ್ತೀರಿ?" ಅಂತ ಕೇಳತೊಡಗಿದರು. ನೀನೂ ಧಾರಾಳಿ, ಇಲ್ಲ ಅಂದವಳಲ್ಲ.

ನಿನ್ನ ಕಾದಂಬರಿಯನ್ನು ಮೊದಲು ಕೇಳುತ್ತಿದ್ದವಳು ಗಂಗಕ್ಕ. ತಾಳ್ಯದಲ್ಲಿ ನಿನ್ನ ಜೊತೆಗೇ ಓದಿ, ಇದೇ ಓಣಿಗೆ ಸೊಸೆಯಾಗಿ ಬಂದು, ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಿಷಿನ್ ಇಟ್ಟವಳು. ನೀನು ಓದುತ್ತಿದ್ದೆ, ಅವಳು ರವಿಕೆ ಹೊಲಿಯುತ್ತಿದ್ದಳು. ಮಿಷಿನ್ ಸದ್ದು ನಿಂತಿತೆಂದರೆ ನಿನ್ನ ಎದೆ ಧಸಕ್ಕೆನ್ನುತ್ತಿತ್ತು. ಹಲ್ಲಿನಲ್ಲಿ ದಾರ ಕಡಿದು, "ಆ ಪೋಸ್ಟ್ ಮಾಸ್ಟ್ರು ಅಲ್ವೇನೇ ಸುಶೀ?" ಅನ್ನುವಳು. ಪೋಸ್ಟ್ ಮಾಸ್ಟರೇ! ಒಂದು ಸಲವಾದರೂ ತಪ್ಪಬೇಡವೇ? ಹೇಗೆ ಹಿಡಿದೆ ಅಂದರೆ ಬಾಯಿ ಬಿಡುವಳಲ್ಲ. ನೀನು ಮುನಿಸಿಕೊಂಡು ಬಂದು ಮಾವನ ಮೇಲೆ ರೇಗುತ್ತಿದ್ದೆ.

ಹೊಸದುರ್ಗದಲ್ಲಿ ನಿನ್ನ ಮೊದಲ ನಾಟಕ ಆದ ದಿನ ನೆನೆದರೆ ಈಗಲೂ ಹೊಟ್ಟೆ ಹುಣ್ಣಾಗುವಂತೆ ನಗು ಬರುತ್ತದೆ. ಎರಡನೇ ಅಂಕ, ಸಭಿಕರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಾರೆ. ಹೆಂಗಸರ ಸಾಲಿನಿಂದ ಗಂಗಕ್ಕ ಎದ್ದು ನಿಂತು, "ಲೇ, ಆ ಮೀಸೆಯವ್ನನ್ನ ಹಿಡ್ಕಳ್ರೋ, ಅವ್ನೇ ಕೊಂದಿರೋದು!" ಅಂದಳು. ಮೀಸೆಯವನು ಗಾಬರಿಯಾಗಿ, "ಹೌದು, ನಾನೇ" ಅಂದುಬಿಟ್ಟ. ನಾಟಕ ಅಲ್ಲಿಗೇ ಮುಗಿಯಿತು. ನೀವಿಬ್ಬರೂ ಅಕ್ಕಪಕ್ಕ ಕೂತು ಬಸ್ಸಿನಲ್ಲಿ ವಾಪಸು ಬಂದಿರಿ, ದಾರಿಯುದ್ದಕ್ಕೂ ಒಂದು ಮಾತಿಲ್ಲ. ಆದರೂ ಇಳಿಯುವಾಗ ಅವಳ ಚೀಲ ನಿನ್ನ ಕೈಯಲ್ಲಿತ್ತು.

ದುರ್ಗದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನೀನು ಸುಮ್ಮನಿದ್ದೆಯಾ? ಡ್ರಿಪ್ ಹಾಕಲು ಬಂದ ನರ್ಸಮ್ಮನಿಗೆ, "ಇದ್ರಲ್ಲಿ ಬೇರೆ ಏನಾದ್ರೂ ಬೆರೆಸಿದ್ರೆ ನಿಮಗೆ ಗೊತ್ತಾಗುತ್ತೇನವ್ವ?" ಅಂತ ಕೇಳಿದೆ. ಪಾಪ, ಅವರು ಆಮೇಲೆ ಒಬ್ಬರೇ ಬರುತ್ತಿರಲಿಲ್ಲ. ನಾಟಕದ ಹಸ್ತಪ್ರತಿಯನ್ನು ನನ್ನ ಕೈಗಿಟ್ಟು, "ಒಂದ್ ಸಲ ಕಣೇ. ಒಂದೇ ಒಂದ್ ಸಲ ಗಂಗಿ ತಪ್ಪು ಹೇಳ್ಬೇಕು. ಒಂದಕ್ಷರ ತಿದ್ದಬೇಡ. ಗೆದ್ರೆ ನಾನೇ ಗೆಲ್ಬೇಕು" ಅಂದೆ. ನಾನು ಹೂಂ ಅಂದೆ. ಮಾರನೆಯ ದಿನ ನೀನು...

ನಿನ್ನ ತಿಥಿ ಕಳೆದ ಮೇಲೆ ಗಂಗಕ್ಕ ನನಗೆ ರವಿಕೆ ಅಳತೆ ತೆಗೆಯುತ್ತಾ ಗುಟ್ಟು ಬಿಟ್ಟುಕೊಟ್ಟಳು. "ನಿಮ್ಮತ್ತೆ ಕಥೇಲಿ ಕೊಲೆಗಾರ ತಾನು ಕೊಲ್ಲೋ ಮನೇಲಿ ಉಣ್ಣಲ್ಲ ಕಣೇ. ಎಲ್ಲರೂ ಉಣ್ತಾರೆ, ಅವ್ನೊಬ್ಬ ನೆಪ ಹೇಳ್ತಾನೆ. ಉಂಡ ಮನೆಗೆ ಎರಡು ಬಗೆಯೋದನ್ನ ಬರೆಯೋಕೆ ಅವ್ಳ ಕೈ ಏಳಲ್ಲ. ಅದು ಅವ್ಳಿಗೇ ಗೊತ್ತಿಲ್ಲ." ನಾನು ಮನೆಗೆ ಬಂದು ನಿನ್ನ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತೆ. ಒಬ್ಬನಿಗೆ ಹಲ್ಲುನೋವು, ಒಬ್ಬನಿಗೆ ಸೋಮವಾರದ ಉಪವಾಸ, ಇನ್ನೊಬ್ಬ ಈಗಷ್ಟೇ ಉಂಡು ಬಂದವನು. ಅಯ್ಯೋ ನನ್ನತ್ತೆ! ಕೊನೆಯ ನಾಟಕವನ್ನೂ ತೆಗೆದು ನೋಡಿದೆ. ಸಾಹುಕಾರರ ಮನೆ, ಊಟದ ದೃಶ್ಯ, ಎಲ್ಲರೂ ಮುದ್ದೆ ಮುರಿಯುತ್ತಾರೆ. ಕೊಲೆಗಾರನಾದ ಡಾಕ್ಟರ್ ಅನ್ನುತ್ತಾನೆ: "ನನಗೆ ಹಸಿವಿಲ್ಲ." ಆ ಒಂದು ಮಾತು ಹೊಡೆದು ಹಾಕಿದರೆ ನೀನು ಗೆಲ್ಲುತ್ತಿದ್ದೆ. ಪೆನ್ನು ಕೈಗೆತ್ತಿಕೊಂಡೆ, ನಿಜ. ಆದರೆ ನಿನಗೆ ಹೂಂ ಅಂದಿದ್ದೆನಲ್ಲ, ಹಾಗೇ ಕೆಳಗಿಟ್ಟೆ.

ಭಾನುವಾರ ಬೆಳಿಗ್ಗೆಯಿಂದಲೇ ಗಂಗಕ್ಕನ ಗಲಾಟೆ. "ಸ್ಟೇಜ್ ಮೇಲೆ ಮಣ್ಣಿನ ಉಂಡೆ ಇಡ್ತೀರಾ? ನಮ್ಮ ಸುಶೀ ನಾಟಕಕ್ಕೆ? ನಾನೇ ಮಾಡಿ ತರ್ತೀನಿ ಹೋಗ್ರಿ" ಅಂದವಳು ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಹೊತ್ತು ತಂದಳು. ಇತ್ತ ಡಾಕ್ಟರ್ ಪಾತ್ರದ ತಿಪ್ಪೇಸ್ವಾಮಿಯ ಪತ್ತೆಯಿಲ್ಲ. ಭರಮಸಾಗರದಿಂದ ಬರುವ ಬಸ್ಸು ಕೆಟ್ಟು ನಿಂತು, ಬೆಳಗಿನಿಂದ ಹನಿ ನೀರೂ ಕಾಣದೆ, ಪರದೆ ಏಳುವ ಹೊತ್ತಿಗೆ ಓಡಿ ಬಂದ. ಸರಿ, ಊಟದ ದೃಶ್ಯ ಬಂತು. ಬಸ್ಸಾರಿನ ಘಮ ಮಂಟಪವೆಲ್ಲ ತುಂಬಿತು. "ನನಗೆ ಹಸಿವಿಲ್ಲ" ಅನ್ನಬೇಕಾದವನು ಮುದ್ದೆ ನೋಡಿದ, ಸಾರು ನೋಡಿದ... "ಇನ್ನೊಂದ್ ಸೌಟು ಬಿಡ್ರಿ" ಅಂದುಬಿಟ್ಟ! ತನ್ನ ತಟ್ಟೆ ಮುಗಿಸಿ ಪಕ್ಕದ ವಕೀಲನ ತಟ್ಟೆಯನ್ನೂ ಎಳೆದುಕೊಂಡ. ವಕೀಲ ಒಂದು ತುತ್ತೂ ಉಣ್ಣದೆ ಬಾಯಿ ಬಿಟ್ಟುಕೊಂಡು ಕೂತ. ನಾನು ಪರದೆಯ ಹಿಂದೆ ಹಣೆ ಹಣೆ ಚಚ್ಚಿಕೊಂಡೆ.

ಎರಡನೇ ಅಂಕದಲ್ಲಿ ಗಂಗಕ್ಕ ಎದ್ದಳು. ಈಗ ಅವಳು ಏಳುವುದನ್ನೇ ಊರೆಲ್ಲ ಕಾಯುತ್ತದೆ, ಗೊತ್ತಲ್ಲ? "ವಕೀಲ! ಆ ಕರಿಕೋಟಿನವ್ನೇ!" ಅಂದಳು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಪೊಲೀಸರು ಬಂದು ಡಾಕ್ಟರನ ಕೈಗೆ ಕೋಳ ತೊಡಿಸಿದಾಗ ಇಡೀ ಮಂಟಪ ಗಂಗಕ್ಕನ ಕಡೆ ತಿರುಗಿತು. ಅತ್ತೆ, ಅವಳು ತಪ್ಪು ಹೇಳಿದ್ದಳು! ನನಗೆ ಕುಣಿಯುವಂತಾಯಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಸಾರಿನ ಪಾತ್ರೆ ವಾಪಸು ಕೊಡಲು ಹೋದೆ. ಸ್ವಲ್ಪ ರೇಗಿಸಬೇಕು ಅಂತಲೂ ಇತ್ತು, ಸುಳ್ಳೇಕೆ? ಮಿಷಿನ್ನಿಗೆ ಹೊದಿಸಿದ ಬಟ್ಟೆ ಹಾಗೇ ಇತ್ತು. ಗಂಗಕ್ಕ ಗೋಡೆಗೊರಗಿ ಕೂತಿದ್ದಳು.

"ನೀನೇನಾದ್ರೂ ತಿದ್ದಿದ್ಯೇನೇ?" ಅಂದಳು.

"ನಿನ್ನಾಣೆಗೂ ಒಂದಕ್ಷರ ಮುಟ್ಟಿಲ್ಲ ಗಂಗಕ್ಕ."

"ಹಂಗಾದ್ರೆ ಅವ್ಳೇ ಬರೆದಿದ್ದು." ಅಂದಳು. "ಸೋತಿದ್ದಕ್ಕಲ್ಲ ಕಣವ್ವ. ಲಂಗ ಹಾಕೋ ಕಾಲದಿಂದ ನೋಡೀನಿ ಅವ್ಳನ್ನ. ಅಷ್ಟೊಂದು ಉಂಡು, ಬಡಿಸಿಕೊಂಡು ಉಂಡು, ಆ ಮನೇಲೇ ಕೊಂದ ಅಂತ ಬರೀಬೇಕಾದ್ರೆ... ಕೊನೇಲಿ ಯಾರು ಹಂಗೆ ದ್ರೋಹ ಮಾಡಿದ್ರೇ ಅವ್ಳಿಗೆ? ಎಷ್ಟು ನೊಂದಿದ್ಲೋ ಏನೋ. ನನಗೂ ಹೇಳ್ಲಿಲ್ವಲ್ಲ..."

ಅತ್ತೆ, ನೀನು ಗೆದ್ದಾಗಿತ್ತು. ನಾನು ತೆಪ್ಪಗೆ ಕೂತಿದ್ದರೆ ಮುಗಿಯಿತು, ನೀನು ಬಯಸಿದ್ದು ಕೈಗೆ ಬಂದಿತ್ತು. ಆದರೆ ಗಂಗಕ್ಕನ ಆ ಮುಖ ನೋಡಿಕೊಂಡು ಕೂರುವುದು ನನ್ನ ಕೈಲಾಗಲಿಲ್ಲ. ನಿನ್ನ ಕೈಲಾದರೂ ಆಗುತ್ತಿತ್ತೇ?

"ಅತ್ತೆ ಉಣ್ಣಿಸಿಲ್ಲ ಗಂಗಕ್ಕ," ಅಂದೆ. "ಹಸಿವಿಲ್ಲ ಅಂತಲೇ ಬರೆದಿದ್ದಾಳೆ. ಆ ತಿಪ್ಪೇಸ್ವಾಮಿ ಬೆಳಗ್ಗಿಂದ ಉಂಡಿರ್ಲಿಲ್ಲ. ನಿನ್ನ ಬಸ್ಸಾರು ನೋಡಿ ಮಾತೇ ಮರೆತ."

ಗಂಗಕ್ಕ ನನ್ನನ್ನೇ ದಿಟ್ಟಿಸಿದಳು. ಆಮೇಲೆ ನೆಲಕ್ಕೆ ಕೈ ಬಡಿದು ನಗತೊಡಗಿದಳು ನೋಡು, ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಬೆನ್ನು ನೀವಿ ನೀರು ಕುಡಿಸಬೇಕಾಯಿತು. "ನನಗ್ಗೊತ್ತಿತ್ತು! ಅವ್ಳು ಹಂಗೆ ಬರೆಯೋಳಲ್ಲ, ನನಗ್ಗೊತ್ತಿತ್ತು!" ಅಂತ ಅದನ್ನೇ ಮತ್ತೆ ಮತ್ತೆ ಹೇಳಿದಳು.

ಆದ್ದರಿಂದ ಅತ್ತೆ, ಬೇಜಾರು ಮಾಡಿಕೊಳ್ಳಬೇಡ, ಈ ಸಲವೂ ನೀನು ಗೆಲ್ಲಲಿಲ್ಲ. ಗಂಗಕ್ಕ ಅವತ್ತಿನಿಂದ ಓಣಿಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಗುನಗುತ್ತಾ ಹೇಳುತ್ತಿದ್ದಾಳೆ: "ನಮ್ಮ ಸುಶೀ ಕೊನೇವರ್ಗೂ ಸೋತ್ಲು ಕಣ್ರಿ."

ನಿನ್ನ
ಸವಿತಾ